ಗಾಜಿನೊಳಗಿನ ಯಲ್ಲವ್ವ

ಪುಣೆಯಲ್ಲಿ ನಾನು ಓದುವ ಗ್ರಾಮೀಣ ಸಮಾಜಶಾಸ್ತ್ರ ವಿಭಾಗ ತನ್ನ ಚರಿತ್ರೆಯದೇ ಪ್ರದರ್ಶನ ಇಟ್ಟಿತ್ತು. ಭೋಸರಿಯ ನಮ್ಮ ಮನೆಯಿಂದ ಅಜ್ಜಿ ತಿಪ್ಪವ್ವನನ್ನು ಹೆಮ್ಮೆಯಿಂದ ಕರೆತಂದಿದ್ದೆ. ಹಳೆಯ ಪ್ರಾಧ್ಯಾಪಕರು ಹಳ್ಳಿಗಳಿಂದ ತಂದ ವಸ್ತುಗಳ ಮುಂದೆ ಅಜ್ಜಿ ಗಕ್ಕನೆ ನಿಂತು ಚಪ್ಪಲಿ ಬಿಟ್ಟಳು.

ಗಾಜಿನೊಳಗೆ ಕಿವಿ ಮುರಿದ ಹಿತ್ತಾಳೆ ದೇವಿ. ಕೆಳಗೆ ಬರೆದಿತ್ತು: 'ಗ್ರಾಮಸ್ಥರ ಕೊಡುಗೆ.'

"ಸಪ್ನಾ, ಇದು ನಮ್ಮನಿ ಯಲ್ಲವ್ವ! ಸಣ್ಣಾಕಿದ್ದಾಗ ನಾನ ಕೆಡವಿ ಕಿವಿ ಮುರ್ದಿದ್ದೆ."

ನಾನು ಕೆಳಗಿನ ಬರಹವನ್ನು ಮತ್ತೊಮ್ಮೆ ಓದಿದೆ. "ಮತ್ತ ಇವರಿಗೆ ಯಾಕ ಕೊಟ್ರಿ?"

"ದೇವರನ್ನ ಯಾರರ ಕೊಡ್ತಾರೇನ? ಹಳ್ಳಿ ಬಗ್ಗೆ ಬರೀತೀನಂತ ಪುಣೆದಾಂವ ಒಬ್ಬ ಸಾಹೇಬ ಬಂದು, ನಮ್ಮನ್ಯಾಗ ಉಂಡು ಹೋದ. ಮರುದಿನ ದೇವರ ಜಗಲಿ ಖಾಲಿ."

ಕೊಡುಗೆಯಂತೆ, ಕೊಡುಗೆ! "ಆ ಸಾಹೇಬನ್ನ ಯಾರೂ ಕೇಳಲಿಲ್ಲೇನು?"

"ಉಂಡ ಮನ್ಯಾಗ ಯಾರು ಕದೀತಾರಂತ ಬಿಟ್ವಿ. ದೇವಿನ ಮುನಿಸ್ಕೊಂಡು ಹೋದ್ಲಂತ ನಮ್ಮವ್ವ ಸಾಯೋತನಕ ಉಪ್ಪು ಮುಟ್ಟಲಿಲ್ಲ."