ಕೊನೆಯ ಸ್ವರದ ಮೇಲೊಂದು ಗೀಟು

೧

ಎಲ್ಲಿಂದ ಶುರು ಮಾಡಲಿ? ‘ಅಕ್ಕ ಸತ್ತಳು’ ಎಂದರೆ ನೀವು ಮೊದಲ ಸಾಲಿಗೇ ಕರ್ಚೀಫು ಹುಡುಕುತ್ತೀರಿ. ಹೊಡೆದುಹಾಕಿದೆ.

ಮತ್ತೆ ೧

ತಂಗಿ ಮೇಜಿನ ಮೇಲೆ ಎರಡು ಪ್ರತಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದಾಳೆ. ಒಂದು, ಅಕ್ಕ ಪಿಯಾನೋಗೆಂದು ಕಟ್ಟಿದ ಸಂಗೀತದ ಹಸ್ತಪ್ರತಿ. ಇನ್ನೊಂದು, ಅವಳು ತೀರಿಕೊಂಡ ವರ್ಷವೇ ಅವಸರದಲ್ಲಿ ಅಚ್ಚಾದ ಮೊದಲ ಆವೃತ್ತಿ. ಹೊಸ ಆವೃತ್ತಿಗೆ ತಂಗಿಯೇ ಸಂಪಾದಕಿ. ಸಂಜೆಯೊಳಗೆ ಪ್ರೂಫ್ ವಾಪಸ್ ಹೋಗಬೇಕು.

ತಕರಾರಿರುವುದು ಕೊನೆಯ ಸ್ವರದ ಮೇಲಿನ ಗುರುತಿನಲ್ಲಿ. ಬಾಯಿ ತೆರೆದು ಮಲಗಿದ ಕತ್ತರಿಯಂಥದ್ದು. ಗಿಡ್ಡವಾಗಿದ್ದರೆ ‘ಒತ್ತಿ ಬಾರಿಸು’, ಉದ್ದಕ್ಕಿದ್ದರೆ ‘ಮೆಲ್ಲಗೆ ಆರಿಹೋಗು’. ಅಕ್ಕನದು ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಮೊದಲ ಆವೃತ್ತಿಯವರು ಉದ್ದವೆಂದೇ ಅಚ್ಚು ಹಾಕಿದರು. ಅಂದಿನಿಂದ ಎಲ್ಲರೂ ಅದನ್ನು ಆರಿಹೋಗುವಂತೆಯೇ ಬಾರಿಸಿ, ಪಾಪ, ವಿದಾಯ ಹೇಳಿದ್ದಾಳೆ ಎಂದು ಕಣ್ಣೊರೆಸಿಕೊಳ್ಳುತ್ತಾರೆ.

(ಇದನ್ನು ಬರೆಯಲು ಬಂದ ನಾನೂ ಒರೆಸಿಕೊಂಡಿದ್ದೆ. ಕಥೆ ಸಿಕ್ಕಿತೆಂದು ಒಳಗೊಳಗೇ ಖುಷಿಯೂ ಪಟ್ಟಿದ್ದೆ.)

೨

ಆದರೆ ಹಸ್ತಪ್ರತಿಯ ಮೊದಲ ಪುಟಗಳಲ್ಲಿ ಗುರುತುಗಳೆಲ್ಲ ಗಿಡ್ಡ. ಅಕ್ಕನ ಕಾಯಿಲೆ ಏರಿದಂತೆ ಅವೇ ಗುರುತುಗಳು ಉದ್ದವಾಗುತ್ತ ಬಂದಿವೆ. ಕೈ ಸೋತು ಪೆನ್ಸಿಲ್ ಜಾರಿದೆ, ಅಷ್ಟೇ.

“ಹಾಗಾದ್ರೆ ‘ಒತ್ತಿ ಬಾರಿಸು’ ಅಂತ ಹಾಕಿ, ಕಥೆ ಮುಗಿಸೋಣ” ಎಂದೆ.

ತಂಗಿ ಹಾಳೆಯಿಂದ ತಲೆಯೆತ್ತಿದಳು. “ನಿಮ್ಗೇನ್ರೀ, ಬರೆದು ಎದ್ದು ಹೋಗ್ತೀರಿ. ಅವಳು ಶಾಂತವಾಗಿ ಹೋದ್ಲು ಅಂತ ಅಮ್ಮಂಗೆ ಹೇಳಿದ್ದು ನಾನು. ಆಸ್ಪತ್ರೇಲಿ ಅವಳ ಪಕ್ಕ ಇದ್ದಿದ್ದು ನಾನೊಬ್ಳೇ. ಕೊನೇವರೆಗೂ ‘ನಂಗೆ ಹೋಗೋಕಿಷ್ಟ ಇಲ್ಲ’ ಅಂತ ನನ್ನ ಕೈ ಹಿಡ್ಕೊಂಡಿದ್ಲು.”

ನಾನು ಬೇರೆ ಅಂತ್ಯ ಹುಡುಕತೊಡಗಿದೆ.

೩

ಅಂತ್ಯ ಒಂದು: ಹೊಸ ಆವೃತ್ತಿ ಬರುತ್ತದೆ, ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟುತ್ತದೆ. (“ಸಿನಿಮಾ ಮಾಡ್ಬೇಡಿ” ಎಂದಳು ತಂಗಿ.)

ಅಂತ್ಯ ಎರಡು: ಗುರುತು ಉದ್ದಕ್ಕೇ ಉಳಿಯುತ್ತದೆ, ಅಮ್ಮನೂ ನೆಮ್ಮದಿಯಾಗಿರುತ್ತಾಳೆ. ತಂಗಿ ಹಸ್ತಪ್ರತಿಯನ್ನು ಹತ್ತಿರ ಎಳೆದುಕೊಂಡಳು. ಆಮೇಲೆ ಮೆಲ್ಲಗೆ, “ಪಿಯಾನೋದಲ್ಲಿ ಒಂದ್ಸಲ ಬಾರಿಸಿದ ಸ್ವರ ತಾನಾಗೇ ಆರುತ್ತೆ. ಆರಿಹೋಗು ಅಂತ ಬರೆಯೋ ಅಗತ್ಯವೇ ಇಲ್ಲ. ಅಕ್ಕಂಗೆ ಅದು ಗೊತ್ತಿರ್ಲಿಲ್ವಾ?” ಎಂದಳು.

೫

(ನಾಲ್ಕನ್ನು ಹರಿದುಹಾಕಿದೆ. ಅದರಲ್ಲಿ ಎಲ್ಲರೂ ಅಳುತ್ತಿದ್ದರು.)

ಅಮ್ಮ ಒಳಗೆ ಬಂದಳು. ಅವಳಿಗೆ ಕಿವಿ ಕೇಳಿಸುವುದು ಅಷ್ಟಕ್ಕಷ್ಟೇ. ದೊಡ್ಡ ಮಗಳು ಬಾರಿಸುವಾಗಲೆಲ್ಲ ಪಿಯಾನೋದ ಮರದ ಮೇಲೆ ಅಂಗೈ ಇಟ್ಟುಕೊಂಡು ಕೂರುತ್ತಿದ್ದಳು. ಇವತ್ತೂ ಹಾಗೇ ಕೂತಳು.

“ಕೊನೇದು ಬಾರಿಸೇ.”

“ಹೇಗೆ ಬಾರಿಸ್ಲಮ್ಮಾ?” ತಂಗಿ ಮೇಜು ಬಿಟ್ಟು ಪಿಯಾನೋ ಮುಂದೆ ಕೂತು, ಕೂಗಿ ಕೇಳಿದಳು.

“ಅವಳು ಅದನ್ನ ಬಾರಿಸಿದ್ರೆ ನನ್ನ ಕೈ ಜುಮ್ ಅಂತಿತ್ತು. ಶಾಂತವಾಗಿ ಹೋದ್ಲು ಅಂತ ನೀನು ಹೇಳಿದಾಗ್ಲೇ ನಾನು ನಂಬಿರ್ಲಿಲ್ಲ ಕಣೇ. ನಿಂಗೆ ಹಗುರಾಗ್ಲಿ ಅಂತ ಸುಮ್ನಿದ್ದೆ.”

ತಂಗಿ ಬಾರಿಸಿದಳೇ? ಪ್ರೂಫಿನಲ್ಲಿ ಏನು ಹಾಕಿದಳು? ನನ್ನನ್ನು ಕೇಳಬೇಡಿ, ನಾನು ಹೇಳುವುದಿಲ್ಲ. ಅವಳ ಬೆರಳು ಆ ಸ್ವರದ ಮೇಲಿದೆ. ಹೊರಗೆ ಸಂಜೆಯಾಗುತ್ತಿದೆ. ಅಮ್ಮ ಮರದ ಮೇಲಿಂದ ಕೈ ತೆಗೆದಿಲ್ಲ.