ಹಾಡಿ ತೋರಿಸಿ

ನೃತ್ಯದ ಮೇಷ್ಟ್ರು ಇವಾನ್ ಕೆಲ್ಲರ್ ರಾಜಧಾನಿಯಿಂದ ಊರಿಗೆ ಬಂದು ಮೊದಲು ಮಾಡಿದ ಕೆಲಸವೆಂದರೆ ಚಪ್ಪಲಿ ಬಿಚ್ಚಿದ್ದು. ನೆಲದ ಜೊತೆ ಮಾತಾಡಬೇಕಂತೆ. ಮೆಕ್ಸಿಕೋದ ಆ ಕರಾವಳಿಯ ಮರಳು ಮಧ್ಯಾಹ್ನ ಕಾದ ಕಾವಲಿಯಾಗಿರುತ್ತದೆಂದು ಊರಿನ ನಾಯಿಗೂ ಗೊತ್ತು. ಅದು ದೋಣಿಯ ನೆರಳು ಬಿಟ್ಟು ಏಳುವುದಿಲ್ಲ. ಸಂಜೆಯ ಹೊತ್ತಿಗೆ ಮೇಷ್ಟ್ರ ಅಂಗಾಲಿನ ತುಂಬ ಬೊಬ್ಬೆ. ಲಿಬ್ರಾದಾ ಲೋಳೆಸರ ಸೀಳಿ ಹಚ್ಚಿದಳು. ಹಚ್ಚುವಾಗ ನಗು ಬರದಂತೆ ತುಟಿ ಕಚ್ಚಿಕೊಂಡಳು, ಏಕೆಂದರೆ ಅವಳಿಗೆ ಈ ಮನುಷ್ಯನಿಂದ ಆಗಬೇಕಾದ ಕೆಲಸವಿತ್ತು.

ಮಗಳು ಯುರಿದಿಯಾಳನ್ನು ತಮ್ಮ ನೃತ್ಯಶಾಲೆಗೆ ಸೇರಿಸಿಕೊಳ್ಳುತ್ತೇನೆಂದು ಮೇಷ್ಟ್ರು ಹೇಳಿದ್ದರು. ಊಟ, ವಸತಿ, ಕಲಿಕೆ ಎಲ್ಲ ಬಿಟ್ಟಿ. ಅದು ತಪ್ಪಿದರೆ ಅವಳಿಗೂ ಮೀನು ಸುಡುವ ಒಲೆಯೇ ಗತಿ. ಇಲ್ಲವೇ ಅಣ್ಣನ ಹಾಗೆ ಗಡಿ ದಾಟಿ ಉತ್ತರಕ್ಕೆ ಹೋಗುವುದು, ಆಮೇಲೆ ಫೋನಿನಲ್ಲಿ ಮಾತ್ರ ಸಿಗುವುದು. ಫೋನಿನಲ್ಲಿ ಸಿಗುವ ಮಗು ಲಿಬ್ರಾದಾಗೆ ಒಂದೇ ಸಾಕಾಗಿತ್ತು.

ಊರಿನವರದು ದೆವ್ವದ ಕುಣಿತ. ಹಿಂದೆ ದನದ ಒಡೆಯರ ಕೈಕೆಳಗೆ ಜೀತಕ್ಕಿದ್ದ ಅವರ ಕರಿಯ ಪೂರ್ವಜರು ಕಟ್ಟಿದ್ದು. ಕುದುರೆಬಾಲದ ಗಡ್ಡವಿರುವ ಮುಖವಾಡ ತೊಟ್ಟು, ಕತ್ತೆಯ ದವಡೆಮೂಳೆಯಲ್ಲಿ ತಾಳ ಹಾಕುತ್ತ, ಸತ್ತವರ ಹಬ್ಬಕ್ಕೆ ಬೀದಿ ಬೀದಿ ಕುಣಿಯುತ್ತಾರೆ. ಅದರಲ್ಲಿ ಮಿಂಗಾ ಎಂಬುವಳು ದೊಡ್ಡ ದೆವ್ವದ ಹೆಂಡತಿ. ಸೊಂಟ ತಿರುಗಿಸುತ್ತ ನೋಡುವವರ ನಡುವೆ ನುಗ್ಗಿ, ಯಾರು ಹೆಚ್ಚು ಬೀಗುತ್ತಿದ್ದಾರೋ ಅವರನ್ನೇ ಹುಡುಕಿ, ತೋಳಿಗೆ ಬೊಂಬೆ ತುರುಕಿ, ತಗೋ ನಿನ್ನ ಕೂಸು ಎನ್ನುವುದು ಅವಳ ಹಕ್ಕು. ಯಾರೂ ಸಿಟ್ಟಾಗುವಂತಿಲ್ಲ. ಅದು ಗಂಡಸರು ಕಟ್ಟುತ್ತಿದ್ದ ವೇಷ. ಹರೆಯದ ಗಂಡಸರೆಲ್ಲ ಉತ್ತರಕ್ಕೆ ಹೋದ ಮೇಲೆ ಯುರಿದಿಯಾ ಕಟ್ಟತೊಡಗಿದ್ದಳು. ಅವಳ ಬಾಯಿಗೆ ಹೆದರಿ ಪಾದ್ರಿಗಳೂ ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದರು.

ಈ ಕುಣಿತವನ್ನು ರಾಜಧಾನಿಯ ವೇದಿಕೆಗೆ ಒಗ್ಗಿಸಲು ಬಂದಿದ್ದ ಮೇಷ್ಟ್ರು ಮಿಂಗಾಳನ್ನು ಮೊದಲ ದಿನವೇ ತೆಗೆದುಹಾಕಿದರು. ನೋವಿನ ಕಥೆಯಲ್ಲಿ ಚೇಷ್ಟೆ ಸಲ್ಲದಂತೆ. ಯುರಿದಿಯಾಗೆ ಗೋಣಿಬಟ್ಟೆಯ ಅಂಗಿ ತೊಡಿಸಿದರು. ದೆವ್ವಗಳೆಲ್ಲ ನೀರಿನೊಳಗೆ ನಡೆದಂತೆ ನಿಧಾನವಾಗಿ ಚಲಿಸಬೇಕೆಂದರು.

“ದೆವ್ವಕ್ಕೆ ಲಕ್ವ ಹೊಡೆದಂಗಿದೆ,” ಎಂದ ತಂಡದ ಹಿರಿಯ ಎರ್ಮಿಲೊ.

ನಿಮ್ಮ ಮೈಯೊಳಗೆ ಶತಮಾನಗಳ ನೋವು ಕೂತಿದೆ ಎಂದು ಮೇಷ್ಟ್ರು ಕಣ್ಣುಮುಚ್ಚಿ ಅವನ ಎದೆಯ ಮೇಲೆ ಕೈಯಿಟ್ಟರು. ಎದೆಯಲ್ಲಲ್ಲ, ಮಂಡಿಯಲ್ಲಿ ಎಂದು ಎರ್ಮಿಲೊ ತಿದ್ದಿದ. ಯುರಿದಿಯಾ ಕಿಸಕ್ಕನೆ ನಕ್ಕಳು. ಲಿಬ್ರಾದಾ ಕಣ್ಣಲ್ಲೇ ಗದರಿದಳು.

ರಾಜಧಾನಿಗೆ ಹೊರಟ ಬಸ್ಸನ್ನು ಹೆದ್ದಾರಿಯ ತಪಾಸಣೆಯವರು ನಿಲ್ಲಿಸಿದರು. ಬಂದೂಕು ಹೊತ್ತ ಇಬ್ಬರು ಹತ್ತಿದರು. ಮುಂದಿನ ಸೀಟಿನಲ್ಲಿದ್ದ, ಹಾಲುಬಿಳುಪಿನ ಮೇಷ್ಟ್ರಿಗೆ ನಮಸ್ಕಾರ ಹೇಳಿ, ಹಿಂದಿದ್ದ ಕಪ್ಪು ಮೈಯವರನ್ನೆಲ್ಲ ಕೆಳಗಿಳಿಸಿದರು. ಯಾವ ದೇಶದಿಂದ ನುಸುಳಿದಿರಿ ಎಂದು ಕೇಳಿದರು. ಗುರುತಿನ ಚೀಟಿ ತೋರಿಸಿದರೆ, ಚೀಟಿ ದುಡ್ಡಿಗೆ ಸಿಗುತ್ತದೆ ಎಂದರು. ಈ ದೇಶದವರೇ ಆಗಿದ್ದರೆ ರಾಷ್ಟ್ರಗೀತೆ ಹಾಡಿ ತೋರಿಸಿ.

ಊರಿನವರಿಗೆ ಇದೇನೂ ಹೊಸದಲ್ಲ. ಆದರೆ ಈ ಸಲ ಜೊತೆಗೆ ಮೇಷ್ಟ್ರಿದ್ದರು, ನ್ಯಾಯದ ಬಗ್ಗೆ ಊಟಕ್ಕೆ ಕೂತಾಗಲೂ ಮಾತಾಡುವ ಮೇಷ್ಟ್ರು. ಎಲ್ಲರೂ ಕಿಟಕಿಯತ್ತ ನೋಡಿದರು. ಅವರು ತಲೆ ಹೊರಹಾಕಿ ಗಡಿಯಾರ ನೋಡಿಕೊಂಡರು.

“ಸ್ವಲ್ಪ ಹಾಡಿಬಿಡಿ. ಹೊತ್ತಾಗ್ತಿದೆ.”

ಹಾಡಿದರು. ಯುರಿದಿಯಾ ಮಾತ್ರ ಬಾಯಿ ಬಿಗಿದು ನಿಂತಳು. ಬಂದೂಕಿನವನು ಅವಳತ್ತ ಒಂದು ಹೆಜ್ಜೆಯಿಟ್ಟ. ಲಿಬ್ರಾದಾ ಮಗಳ ತೋಳು ಹಿಂಡಿದಳು.

“ಹಾಡೇ. ನನ್ನಾಣೆ.”

ಯುರಿದಿಯಾ ಹಾಡಿದಳು. ಆಮೇಲೆ ದಾರಿಯುದ್ದಕ್ಕೂ ತಾಯಿಯ ಕಡೆ ತಿರುಗಲಿಲ್ಲ. ಮೇಷ್ಟ್ರು ಮಾತ್ರ ಒದ್ದೆ ಕಣ್ಣಿನಿಂದ ಎಲ್ಲರ ಕಡೆ ತಿರುಗಿ, ನಮ್ಮ ನೃತ್ಯಕ್ಕೆ ಇಲ್ಲಿಯವರೆಗೆ ಹೃದಯ ಇರಲಿಲ್ಲ, ಈಗ ಸಿಕ್ಕಿತು ಎಂದರು. ಬೇರೆಯವರ ಮನೆಗೆ ಬೆಂಕಿ ಬಿದ್ದರೆ ಬೀಡಿ ಹಚ್ಚಿಕೊಳ್ಳುವವರನ್ನು ಲಿಬ್ರಾದಾ ಕಂಡಿದ್ದಳು. ಬೆಂಕಿಗೆ ಕೈಮುಗಿದು ಹಚ್ಚಿಕೊಳ್ಳುವವರನ್ನು ಕಂಡದ್ದು ಅಂದೇ.

ಕೊನೆಯ ದೃಶ್ಯ ಹೀಗೆಂದು ತೀರ್ಮಾನವಾಯಿತು: ಎಲ್ಲರೂ ಸಾಲಾಗಿ ನಿಂತು ರಾಷ್ಟ್ರಗೀತೆ ಹಾಡಬೇಕು, ಹಾಡುತ್ತ ಒಬ್ಬೊಬ್ಬರಾಗಿ ಕುಸಿಯಬೇಕು. ಬಂದೂಕಿನವನ ಪಾತ್ರ ಯಾರದು ಎಂದು ಎರ್ಮಿಲೊ ಕೇಳಿದ. ಅಧಿಕಾರ ಕಣ್ಣಿಗೆ ಕಾಣುವುದಿಲ್ಲ ಎಂದರು ಮೇಷ್ಟ್ರು.

“ನಮಗೆ ಕಂಡಿತ್ತಲ್ಲ ಮೇಷ್ಟ್ರೇ. ಹೊಟ್ಟೆ ಬೇರೆ ಇತ್ತು.”

ಪ್ರದರ್ಶನದ ಸಂಜೆ ಲಿಬ್ರಾದಾ ಪರದೆಯ ಮರೆಯಲ್ಲಿ ಹರಿದ ಗಡ್ಡ ಹೊಲಿಯಲು ಸೂಜಿ ಹಿಡಿದು ನಿಂತಿದ್ದಳು. ಸಭಾಂಗಣ ತುಂಬಿತ್ತು. ಸಂಸ್ಕೃತಿ ಇಲಾಖೆಯ ದೊಡ್ಡ ಅಧಿಕಾರಿ ಮುಂದಿನ ಸಾಲಿನಲ್ಲಿ; ಪಕ್ಕದಲ್ಲೇ, ಊರಿನ ಹೆಂಗಸರು ಹೊಲಿದ ಅಂಗಿ ತೊಟ್ಟ ಕೆಲ್ಲರ್ ಮೇಷ್ಟ್ರು. ದೆವ್ವಗಳು ನಿಧಾನವಾಗಿ ನರಳಿದವು. ಜನ ಕರವಸ್ತ್ರ ತೆಗೆದರು. ಕೊನೆಗೆ ಗೀತೆ ಶುರುವಾಯಿತು.

ಮೇಷ್ಟ್ರು ಒಂದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ರಾಷ್ಟ್ರಗೀತೆ ಕಿವಿಗೆ ಬಿದ್ದೊಡನೆ ಇಡೀ ಸಭೆ ಧಡಬಡನೆ ಎದ್ದು ಎದೆಗೆ ಕೈ ಅಡ್ಡವಿಟ್ಟು ನಿಂತಿತು. ಅಳಲು ಬಂದವರೆಲ್ಲ ಶಾಲೆಯ ಮಕ್ಕಳ ಹಾಗೆ ನೆಟ್ಟಗಾದರು. ಎದುರಿಗೆ ದೆವ್ವಗಳು ಕುಸಿಯುತ್ತಿದ್ದವು. ಇವರು ಕೂರುವಂತೆಯೂ ಇಲ್ಲ, ಕಣ್ಣೊರೆಸುವಂತೆಯೂ ಇಲ್ಲ.

ಯುರಿದಿಯಾ ಕುಸಿಯಲಿಲ್ಲ. ಸಾಲು ಬಿಟ್ಟು, ಸೊಂಟಕ್ಕೆ ಕೈಯಿಟ್ಟು, ಮಿಂಗಾಳ ನಡಿಗೆಯಲ್ಲಿ ಮೆಟ್ಟಿಲಿಳಿದಳು. ಮುಂದಿನ ಸಾಲನ್ನು ಒಬ್ಬೊಬ್ಬರಾಗಿ ಅಳೆಯುತ್ತ ಬಂದು ಮೇಷ್ಟ್ರ ಮುಂದೆ ನಿಂತಳು. ವೇದಿಕೆಯ ಮೇಲಿನ ಹಾಡು ನಿಂತಿತು. ಲಿಬ್ರಾದಾ ಪರದೆ ಸರಿಸಿ ಇಣುಕಿದಳು. ಹೋಯಿತು, ನೃತ್ಯಶಾಲೆಯ ಸೀಟು ಹೋಯಿತು.

“ಕೆಲ್ಲರ್. ಯಾವ ದೇಶದ ಹೆಸರಿದು?”

“ಮೇಲೆ ಹೋಗು,” ಎಂದರು ಅವರು ಹಲ್ಲು ಕಚ್ಚಿ ನಗುತ್ತ. “ನಾನು ಇಲ್ಲೇ ಹುಟ್ಟಿದೋನು.”

“ಎಲ್ರೂ ಹಂಗೇ ಅಂತಾರೆ ಸ್ವಾಮಿ. ಹಾಡಿ ತೋರಿಸಿ. ಒಬ್ರೇ.”

ಯಾರೋ ನಕ್ಕರು, ಇನ್ನಷ್ಟು ಜನ ನಕ್ಕರು, ಆಮೇಲೆ ನಗು ಅಡಗಿತು. ಯುರಿದಿಯಾ ಕಾದಳು. ಅಧಿಕಾರಿಯೂ ಕತ್ತು ಹೊರಳಿಸಿ ಕಾದರು. ಮೇಷ್ಟ್ರು ಹಾಡತೊಡಗಿದರು. ಮೊದಲ ಸಾಲು ಮುಗಿಯುವ ಮೊದಲೇ ದನಿ ಒಡೆಯಿತು. ಪದ ಬಾರದೆ ಅಲ್ಲ. ಅಷ್ಟು ಜನ ದಿಟ್ಟಿಸುವಾಗ ಗಂಟಲು ಒಣಗುತ್ತದೆ. ಲಿಬ್ರಾದಾಗೆ ಅದರ ಅನುಭವವಿತ್ತು. ಅರೆಗಳಿಗೆ ಅವಳಿಗೆ ಪಾಪ ಅನಿಸಿತು.

ಅರೆಗಳಿಗೆಯೇ. ಅಷ್ಟರಲ್ಲಿ ಅಧಿಕಾರಿ ಚಪ್ಪಾಳೆ ತಟ್ಟಿದರು, ಸಭೆಯೂ ತಟ್ಟಿತು, ಎಂಥ ದಿಟ್ಟ ಕಲ್ಪನೆ ಎಂದು ಯಾರೋ ಕೂಗಿದರು. ಮೇಷ್ಟ್ರು ಒಂದು ಕ್ಷಣ ಪಿಳಿಪಿಳಿ ನೋಡಿದರು. ಆಮೇಲೆ ಎದೆಗೆ ಕೈಯಿಟ್ಟು, ಎಲ್ಲವೂ ತಮ್ಮದೇ ಏರ್ಪಾಡು ಎಂಬಂತೆ ಬಾಗಿ ವಂದಿಸಿದರು.

ವೇಷ ಕಳಚುವ ಕೋಣೆಗೆ ಬಂದಾಗ ಅವರ ಮುಖಕ್ಕೆ ರಂಗು ಮರಳಿತ್ತು. ನಾಳೆಯೂ ಇದೇ ಇರಲಿ, ಮಾತು ಒಂದೂ ಬದಲಾಗಬಾರದು ಎಂದರು. ತಮ್ಮ ಕುರ್ಚಿಯಲ್ಲಿ ಮಾತ್ರ ನಟನೊಬ್ಬ ಕೂತಿರುತ್ತಾನೆ, ಅವನನ್ನು ಕೇಳಬೇಕು. ಹಾಗೆ ಮಾಡಿದರೆ ನೃತ್ಯಶಾಲೆಯ ಸೀಟು ಖಾತ್ರಿ.

“ಗೊತ್ತಿದ್ದು ಕೂತೋನನ್ನ ಕೇಳಿ ಏನು ಮಾಡ್ಲಿ ಮೇಷ್ಟ್ರೇ?” ಎಂದಳು ಯುರಿದಿಯಾ.

ಹುಡುಗಿಗೆ ಬುದ್ಧಿಯಿಲ್ಲ ಎಂಬಂತೆ ಅವರು ಲಿಬ್ರಾದಾಳ ಕಡೆ ತಿರುಗಿದರು.

“ನೀವಾದ್ರೂ ಹೇಳಿ ಅಮ್ಮಾ. ಅವತ್ತು ರಸ್ತೇಲಿ ನೀವು ಹೇಳಿದ ಮೇಲೇ ಅಲ್ವಾ ಅವಳು ಬಾಯಿ ಬಿಟ್ಟಿದ್ದು?”

ಅದನ್ನು ಯಾರೂ ನೋಡಿಲ್ಲ ಎಂದುಕೊಂಡಿದ್ದಳು ಲಿಬ್ರಾದಾ. ಇವರು ಕಿಟಕಿಯಿಂದ ಅದನ್ನೂ ನೋಡಿದ್ದರು. ಅವತ್ತಿನ ಮೇಲೆ ಮಗಳು ಮೊದಲ ಸಲ ಅವಳತ್ತ ತಿರುಗಿದ್ದಳು, ಬೆವರಿದ ಮುಖ, ಚಿಕ್ಕವಳಿದ್ದಾಗ ಜ್ವರ ಬಂದಾಗಿನಂತೆ. ಅಮ್ಮ ಹೇಳಿದರೆ ಈಗಲೂ ಅವತ್ತಿನಂತೆಯೇ ಒಪ್ಪುತ್ತಾಳೆ; ಅದು ಲಿಬ್ರಾದಾಗೆ ಕಾಣುತ್ತಿತ್ತು.

“ಅವತ್ತು ಅವ್ರ ಕೈಯಲ್ಲಿ ಬಂದೂಕು ಇತ್ತು ಮೇಷ್ಟ್ರೇ,” ಎಂದಳು. “ನಿಮ್ಮ ಕೈಯಲ್ಲೇನಿದೆ?”

ಮೆಟ್ಟಿಲಿಳಿಯುವಾಗ ಆ ಮಾತಿನ ಬೆಲೆ, ಮಗಳ ಸೀಟು, ಎದೆಗೆ ತಟ್ಟಿತು. ಬೀದಿಯ ಮೂಲೆಯಲ್ಲಿ ಎರ್ಮಿಲೊ ಆಗಲೇ ಜೋಳದ ಸಿಪ್ಪೆಯಲ್ಲಿ ಬೇಯಿಸಿದ ತಮಾಲೆ ಕಡುಬು ಕೊಂಡು, ಈ ರಾಜಧಾನಿಯವರು ಹಿಟ್ಟು ಬಿಟ್ಟು ಒಳಗೆ ಏನೂ ಹಾಕುವುದಿಲ್ಲ ಎಂದು ಗೊಣಗುತ್ತಿದ್ದ. ಲಿಬ್ರಾದಾ ಒಂದು ಬಿಸಿಯದನ್ನು ಬಿಡಿಸಿ, ಊದಿ ಆರಿಸಿ ಮಗಳ ಕೈಗಿಟ್ಟಳು.

“ಬೇಜಾರಾ ಅಮ್ಮಾ?”

“ಆಗಿದೆ. ತಿನ್ನು.”