ಕುಲ ಹೇಳು, ಓವರ್

ಬರ್ನಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಆದರೆ ಅವಳ ಕೆಲಸವೇ ಕೂತು ಮಾಡುವಂಥದ್ದು. ಒಂದು ತಗಡಿನ ಅಂಗಡಿ, ಲಾರಿ ಬ್ಯಾಟರಿಗೆ ಸಿಕ್ಕಿಸಿದ ರೇಡಿಯೋ, ಗುಂಡಿ ಒತ್ತಿ ಮಾತಾಡಿ, "ಓವರ್" ಎಂದು ಗುಂಡಿ ಬಿಟ್ಟು ಉತ್ತರ ಕೇಳುವ ಮೈಕು, ಅಷ್ಟೇ. ಊರಿನವರು ಅದನ್ನು ತಾರ್ ಎನ್ನುತ್ತಿದ್ದರು. ತಂತಿಯೇ ಇಲ್ಲದ ಯಂತ್ರಕ್ಕೆ ತಂತಿಯ ಹೆಸರು! ದೇಶದಲ್ಲಿ ಇದ್ದಬದ್ದ ತಂತಿಯನ್ನೆಲ್ಲ ಜನ ನೆಲ ಅಗೆದು ಕಿತ್ತು, ಸುರುಳಿ ಸುತ್ತಿ, ತಾಮ್ರದ ತೂಕಕ್ಕೆ ಮಾರಿ ತಿಂದಾಗಿತ್ತು.

ಯುದ್ಧಕ್ಕೆ ಮುಂಚೆ ಬರ್ನಿ ಮೊಗದಿಶುವಿನ ಟೆಲಿಫೋನ್ ಕಚೇರಿಯಲ್ಲಿದ್ದವಳು. ಆಗ ಫೋನೆಂದರೆ ಮಂತ್ರಿಗಳ ಮೇಜಿನ ಮೇಲಿನ ವಸ್ತು. ಉಳಿದವರು ಅರ್ಜಿ ಹಾಕಿ ಕಾದು ಮುದುಕರಾಗಬೇಕು. ಸರ್ಕಾರ ಬಿದ್ದ ವಾರದಲ್ಲೇ ಕಚೇರಿಯ ಕುರ್ಚಿ ಹೋಯಿತು, ಫ್ಯಾನು ಹೋಯಿತು, ಬಾಗಿಲು ಹೋಯಿತು, ಕೊನೆಗೆ ಗೋಡೆಯೊಳಗಿನ ವೈರೂ ಹೋಯಿತು. ಈಗ ನೋಡಿ, ಜನ್ಮದಲ್ಲಿ ಫೋನು ಮುಟ್ಟದ ಕುರುಬ ಒಂಟೆಯನ್ನು ಹೊರಗೆ ಕಟ್ಟಿ ಒಳಗೆ ಬಂದು, ಕೆನ್ಯಾದ ನಿರಾಶ್ರಿತರ ಶಿಬಿರದಲ್ಲಿರುವ ಮಗನ ಹತ್ತಿರ ಗಂಟಲು ಹರಿಯುವಂತೆ ಕಿರುಚುತ್ತಾನೆ. ಸರ್ಕಾರ ಬದುಕಿದ್ದಾಗ ಸಿಗದ ಭಾಗ್ಯ ಅದು ಸತ್ತಮೇಲೆ ಸಿಕ್ಕಿತು. ಇದಕ್ಕೆ ನಗಬೇಕೋ ಅಳಬೇಕೋ, ದೇವರೇ ಬಲ್ಲ.

ತಾರಿನಲ್ಲಿ ಗುಟ್ಟು ಎಂಬುದಿಲ್ಲ. ಕಾದು ಕೂತವರಿಗೆ ಎರಡೂ ಕಡೆಯ ಮಾತು ಕೇಳಲೆಂದು ಅಂಗಡಿಯ ಯಜಮಾನ ಯೂನಿಸ್ ಹೊರಗೆ ಸಂತೆಯ ಕಂಬಕ್ಕೆ ಹಳೆ ಸಿನಿಮಾ ಟೆಂಟಿನ ಲೌಡ್‌ಸ್ಪೀಕರ್ ಕಟ್ಟಿಸಿದ್ದ. ಹಾಗಾಗಿ ಮದುವೆ ಮಾತುಕತೆ, ಹೆರಿಗೆ, ಸಾವು, ಗಂಡಹೆಂಡಿರ ಜಗಳ ಎಲ್ಲವೂ ಬಾವಿಕಟ್ಟೆಯ ತನಕ ಕೇಳುತ್ತಿದ್ದವು. "ನಂಗೆ ಜ್ವರ ಕಣೇ, ಈ ತಿಂಗಳು ಏನೂ ಕಳ್ಸಕ್ಕಾಗಲ್ಲ" ಎಂದು ನೈರೋಬಿಯಿಂದ ಒಬ್ಬ ಹೆಂಡತಿಗೆ ಹೇಳಿದರೆ, "ಜ್ವರದವನ ಹಿಂದೆ ನಗ್ತಿರೋ ಹೆಂಗ್ಸು ಯಾರಂತೆ ಕೇಳೇ!" ಎಂದು ಬಾವಿಯ ಹತ್ತಿರದಿಂದ ಹತ್ತು ಬಾಯಿ ಕೂಗುತ್ತಿದ್ದವು.

ತಾರಿಗೆ ಒಂದೇ ಒಂದು ಕಟ್ಟಳೆ. ಕರೆಯುವವರು ಮೊದಲು ಕುಲ ಹೇಳಬೇಕು. ಅಂಚೆಯಿಲ್ಲ, ಬೀದಿಗೆ ಹೆಸರಿಲ್ಲ, ಒಂದೊಂದು ಶಿಬಿರದಲ್ಲೂ ಮಹಮೂದರು ನೂರಾರು. ಇನ್ನು ಮನುಷ್ಯನಿಗೆ ಉಳಿದ ವಿಳಾಸವೆಂದರೆ ಅವನ ಅಪ್ಪ, ಅಜ್ಜ, ಮುತ್ತಜ್ಜ. ಐದು ತಲೆ ಹೇಳಿದರೆ ಸಾಕು, ಇಂಥವನೇ ಎಂದು ಗೊತ್ತಾಗುತ್ತದೆ. ಅದೇ ಐದು ತಲೆಯನ್ನು ದಾರಿ ತಡೆದ ಬಂದೂಕಿನ ಹುಡುಗರೂ ಕೇಳುತ್ತಾರೆ. ಅಲ್ಲಿ ಮುತ್ತಜ್ಜನ ಹೆಸರು ಸರಿಹೋಗದಿದ್ದರೆ ಪಕ್ಕದ ಹಳ್ಳದಲ್ಲಿ ಹೆಣ ಬೀಳುತ್ತದೆ.

ಊರಿನವರೆಲ್ಲರ ಕುಲ ಕೇಳುವ ಬರ್ನಿಯ ಕುಲವೇ ಸುಳ್ಳು. ಊರಿಗೆ ಹೇಳಿದಂತೆ ಅವಳು ಯೂನಿಸನ ಮಗಳಲ್ಲ, ಅವನ ತಂಗಿಯ ಮಗಳು. ಅವಳ ಅಪ್ಪನ ಕಡೆಯವರಿಗೂ ಈ ಊರಿನವರಿಗೂ ಶಬೆಲೆ ನದಿಯ ದಂಡೆಯಲ್ಲೇ ಕಡಿದಾಟವಾಗಿತ್ತು. ರಾಜಧಾನಿ ಬಿಟ್ಟು ಓಡಿಬರುವಾಗ ತಾಯಿ ಮತ್ತು ತಮ್ಮ ರೋಬ್ಲೆ ಒಂದು ಲಾರಿ ಹತ್ತಿದರು, ಬರ್ನಿ ಇನ್ನೊಂದು. ಆ ಲಾರಿ ಎತ್ತ ಹೋಯಿತೋ. ಆಗ ರೋಬ್ಲೆಗೆ ಇನ್ನೂ ಹುಡುಗರ ಕೀರಲು ದನಿ. ಸೋದರಮಾವ ಅವಳನ್ನು ಮನೆಯೊಳಗೆ ಕರೆದು, ಬಾಗಿಲು ಹಾಕಿ, "ಇವತ್ತಿಂದ ನಾನು ನಿನ್ನ ಅಪ್ಪ. ಮಾವ ಅಂತ ಕನಸಲ್ಲೂ ಅನ್ಬೇಡ" ಎಂದಿದ್ದ. ಮೂರು ವರ್ಷದಿಂದ ಅವಳು ಅವನನ್ನು ಅಪ್ಪ ಎಂದೇ ಕರೆಯುತ್ತಿದ್ದಳು. ತಾರಿನಲ್ಲಿ ಯಾವ ಮುದುಕಿಯ ದನಿ ಬಂದರೂ ಅವ್ವನೇನೋ ಎಂದು ಅವಳು ಕಿವಿ ಹಚ್ಚುತ್ತಿದ್ದಳು. ಅವರನ್ನು ಹುಡುಕೋಣವೆಂದರೆ ತನ್ನ ಕುಲ ಹೇಳಬೇಕು, ಹೇಳಿದರೆ ಈ ಊರಿನಲ್ಲಿ ಉಳಿಗಾಲವಿಲ್ಲ.

ಆ ಬುಧವಾರ ಮಧ್ಯಾಹ್ನದ ನಮಾಜು ಮುಗಿದ ಹೊತ್ತು. ದಹಬೊ ಅಜ್ಜಿ ಎಂದಿನಂತೆ ಬಾಗಿಲ ಪಕ್ಕ ಚಾಪೆ ಹಾಕಿ ಕೂತಿದ್ದಳು. ಕಳೆದುಹೋದ ಮಗನ ಹೆಸರನ್ನು ದಿನಾ ಒಂದು ಸಲ ಬರ್ನಿಯ ಬಾಯಲ್ಲಿ ಕೂಗಿಸಿ, ಉತ್ತರ ಬರದೆ ಎದ್ದುಹೋಗುವುದು ಅವಳ ಪರಿಪಾಠ. ಒಳಗಿನ ಬೆಂಚಿನಲ್ಲಿ ದೊಡ್ಡಕಿವಿ ಚಹ ಕುಡಿಯುತ್ತಿದ್ದ. ಊರ ಬಾಗಿಲಿನ ತಡೆಗಂಬದ ಹುಡುಗರಿಗೆ ಅವನೇ ನಾಯಕ. ಅಪ್ಪ ಇಟ್ಟ ಹೆಸರು ಅವನ ತಾಯಿಗಾದರೂ ನೆನಪಿತ್ತೋ ಇಲ್ಲವೋ. ಇಲ್ಲಿ ಯಾರಿಗೆ ಯಾವ ಊನವಿದೆಯೋ ಅದೇ ಹೆಸರು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

"ಯೂನಿಸಣ್ಣ, ಚಹಕ್ಕೆ ಒಂಟೆ ಹಾಲು ಹಾಕಿದೀಯೋ, ಒಂಟೇನ ತೊಳೆದ ನೀರು ಹಾಕಿದೀಯೋ?" ಎಂದ ದೊಡ್ಡಕಿವಿ.

"ಬಿಟ್ಟಿ ಕುಡಿಯೋನಿಗೆ ರುಚಿ ಬೇರೆ ಕೇಡು," ಎಂದ ಯೂನಿಸ್. "ಇರು, ದುಬೈಯಿಂದ ತಟ್ಟೆ ಫೋನ್ ತರಿಸ್ತಿದೀನಿ. ಆಕಾಶಕ್ಕೆ ತಟ್ಟೆ ಹಿಡಿದು, ಕೋಣೆ ಒಳಗೆ ಕೂತು ಪಿಸುಗುಟ್ಟಿದ್ರೆ ಸಾಕು. ಒಂದು ನರಪಿಳ್ಳೆಗೂ ಕೇಳ್ಸಲ್ಲ. ಆಮೇಲೆ ನಿನ್ನ ಕಿವೀಗೆ ಇಲ್ಲೇನು ಕೆಲಸ?"

"ಯಾರಿಗೂ ಕೇಳ್ಸಲ್ವ?" ದಹಬೊ ಅಜ್ಜಿ ಗಾಬರಿಯಾದಳು. "ಹಂಗಾದ್ರೆ ನನ್ನ ಮಗ ಕರೆದಾಗ ನಾನು ಬಾವಿಕಟ್ಟೇಲಿದ್ರೆ ಯಾರಪ್ಪ ಹೇಳೋರು?"

ಅಷ್ಟರಲ್ಲಿ ರೇಡಿಯೋ ಕರಕರ ಎಂದಿತು. ಮೊಂಬಾಸಾ ಶಿಬಿರದ ತಾರ್. ಗೊಗ್ಗರು ದನಿಯ ಯಾವನೋ ಗಂಡಸು.

"ಒಬ್ಬರನ್ನ ಹುಡುಕ್ತಿದೀನಿ. ಹೆಂಗಸು. ಓವರ್."

"ಕುಲ ಹೇಳು, ಓವರ್," ಎಂದಳು ಬರ್ನಿ.

"ಕುಲ ಬೇಡಕ್ಕ. ಅವಳು ಮಾಡ್ತಿದ್ದ ಕೆಲಸ ಹೇಳ್ತೀನಿ, ಅಷ್ಟು ಸಾಕು. ಓವರ್."

ಬರ್ನಿಗೆ ಸಿಟ್ಟು ಬಂತು. ಕುಲ ಮುಚ್ಚಿಟ್ಟು ಕರೆಯುವವರು ಎರಡೇ ಬಗೆ, ಸಾಲಗಾರರು ಇಲ್ಲವೇ ಯಾರನ್ನೋ ಹೊರಗೆಳೆದು ಕೊಲ್ಲಲು ಹೊಂಚುವವರು. "ಇದೇನು ನಿಮ್ಮಪ್ಪನ ಮನೆ ಜಗಲೀನ? ಬ್ಯಾಟರಿ ಸುಮ್ನೆ ಉರಿಯುತ್ತೆ. ಕುಲ ಇಲ್ದೆ ಕರೆ ಇಲ್ಲ. ಹೇಳೋದಾದ್ರೆ ಹೇಳು, ಇಲ್ಲಾಂದ್ರೆ ಇಡು. ಓವರ್!"

ಆಮೇಲೆ ಆ ಗಂಡಸು ಉಸಿರು ಎಳೆದುಕೊಂಡದ್ದು ಕೇಳಿಸಿತು.

"ನಾನು ರೋಬ್ಲೆ. ಅಲಸೋನ ಮಗ. ಅಲಸೋ ಸಮತರನ ಮಗ..."

ಅಯ್ಯೋ ದೇವರೇ! ತಮ್ಮನ ಬಾಯಿ ಮುಚ್ಚಿಸಲು ಬರ್ನಿ ಮೈಕು ಹಿಡಿದಳು. ಅವಳ ಬೆರಳು ಗುಂಡಿಯನ್ನು ಒತ್ತಿತು, ಮತ್ತೆ ಮತ್ತೆ ಒತ್ತಿತು. ಆದರೆ ಏನು ಪ್ರಯೋಜನ? ಅತ್ತ ಕಡೆಯವನು ಗುಂಡಿ ಒತ್ತಿ ಹಿಡಿದಿರುವ ತನಕ ಇತ್ತ ಕಡೆಯವರ ಮಾತು ಅವನಿಗೆ ಮುಟ್ಟುವುದಿಲ್ಲ. ಹನ್ನೆರಡು ವರ್ಷ ಫೋನಿನಲ್ಲಿ ದುಡಿದವಳಿಗೆ ಅದು ಗೊತ್ತಿಲ್ಲದ್ದೇನಲ್ಲ.

"...ಸಮತರ್ ಇಗಾಲನ ಮಗ, ಇಗಾಲ್ ಶಿರ್ವಾನ ಮಗ," ಎಂದು ಹೊರಗಿನ ಲೌಡ್‌ಸ್ಪೀಕರ್ ಸಂತೆಗೆಲ್ಲ ಸಾರಿತು. ಶಿರ್ವಾ ಎಂಬ ಶತ್ರು ಕುಲದ ಹೆಸರು ಬಂದದ್ದೇ ತಡ, ಬಾವಿಕಟ್ಟೆಯ ಸದ್ದು ನಿಂತುಹೋಯಿತು. ದೊಡ್ಡಕಿವಿ ಲೋಟ ಕೆಳಗಿಟ್ಟ. "ಅಕ್ಕನ್ನ ಹುಡುಕ್ತಿದೀನಿ. ಹೆಸರು ಬರ್ನಿ. ಮೊಗದಿಶುವಿನ ಟೆಲಿಫೋನಲ್ಲಿದ್ದಳು. ಎಲ್ಲಿ ತಂತಿ ಇರುತ್ತೋ ಅಲ್ಲಿ ಅವಳಿರ್ತಾಳೆ ಹುಡುಕು ಅಂತ ಅವ್ವ ಹೇಳಿದ್ದಳು. ಅದಕ್ಕೇ ಒಂದೊಂದು ತಾರನ್ನೂ ಕೇಳ್ತಾ ಬರ್ತಿದೀನಿ. ಅವ್ವ ರಂಜಾನಿನಲ್ಲಿ ತೀರಿಹೋದಳು. ನಾನು ಶುಕ್ರವಾರ ಯೆಮೆನ್ನಿಗೆ ಹೋಗೋ ದೋಣಿ ಹತ್ತುತೀನಿ. ಆಮೇಲೆ ನಾನೆಲ್ಲೋ, ಅವಳೆಲ್ಲೋ. ನಾಳೆ ಸಂಜೆ ತನಕ ಇಲ್ಲೇ ಕೂತಿರ್ತೀನಿ. ಅವಳು ಅಲ್ಲಿದಾಳಾ? ಓವರ್."

ಯೂನಿಸನ ಕೈಯಲ್ಲಿದ್ದ ಕೆಟಲು ಓರೆಯಾಗಿ ಚಹ ನೆಲಕ್ಕೆ ಸುರಿಯುತ್ತಿತ್ತು. ದೊಡ್ಡಕಿವಿ ಬರ್ನಿಯನ್ನೇ ನೋಡುತ್ತಿದ್ದ. ಅವ್ವ ಸತ್ತಳು. ಸತ್ತು ಎಷ್ಟೋ ತಿಂಗಳಾಯಿತು. ಅತ್ತರೆ ಸಿಕ್ಕಿಬೀಳುತ್ತೇನೆ, ಅಳದಿದ್ದರೆ ಇಲ್ಲೇ ಉಸಿರು ಕಟ್ಟುತ್ತದೆ. ಅವಳು ಗುಂಡಿ ಒತ್ತಿದಳು.

"ಆ ಹೆಸರಿನವರು ಇಲ್ಲಿಲ್ಲ. ಓವರ್."

"ಆಗಲಿ ಅಕ್ಕ," ಎಂದಿತು ದನಿ. ತಾರಿನಲ್ಲಿ ಕೂತ ಹೆಂಗಸನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಾರೆ.

ದೊಡ್ಡಕಿವಿ ಬಂದೂಕು ಹೆಗಲಿಗೇರಿಸಿ, ಹೊರಗೆ ಹೋದ.

"ಮುಗೀತು," ಎಂದ ಯೂನಿಸ್. "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಕುಲ ಕುಲ ಅಂತ ಅವನ ಪ್ರಾಣ ತಿಂದೆಯಲ್ಲೇ! ಬೇಡ ಅಂದ ಪಾಪದ ಹುಡುಗ."

"ದನಿ ಗುರುತೇ ಸಿಗ್ಲಿಲ್ಲ ಅಪ್ಪ. ಗಂಡಸಾಗಿಬಿಟ್ಟಿದಾನೆ." ಇಷ್ಟು ಹೇಳಿ ಬರ್ನಿ ಒಳಕೋಣೆಗೆ ಹೋಗಿ, ತಲೆವಸ್ತ್ರವನ್ನು ಬಾಯಿಗೆ ತುರುಕಿಕೊಂಡು ಅತ್ತಳು.

ಮರುದಿನ ಅವಳು ಮುಖ ತೊಳೆದು ಬಂದು ಕೂತಳು. ಕೂರದಿದ್ದರೆ ಅನುಮಾನ. ಒಂದು ಕರೆಯೂ ತಲೆಗೆ ಹತ್ತಲಿಲ್ಲ. ಲಾರಿಯ ಸದ್ದಾದರೆ ಎದ್ದು ನಿಲ್ಲುವಳು, ಮೊಂಬಾಸಾ ಎಂದು ಯಾರಾದರೂ ಅಂದರೆ ಮೈಕಿಗೆ ಕೈ ಹಾಕುವಳು, ಮತ್ತೆ ತೆಗೆಯುವಳು. ಹೊತ್ತು ಏರುತ್ತಿತ್ತು. ಸಂಜೆಯಾದರೆ ತಮ್ಮನಿಲ್ಲ. ಬಾಯಿಬಿಟ್ಟರೆ ತಾನಿಲ್ಲ.

ಮೊದಲು ಬಂದವಳು ದಹಬೊ ಅಜ್ಜಿ. ದಿನದಂತೆ ಬಾಗಿಲಲ್ಲಿ ಕೂರದೆ ನೇರ ಒಳಗೆ ಬಂದಳು. ಸೆರಗಿನ ಗಂಟಿನಿಂದ ಒಂದು ಹಿಡಿ ಸಕ್ಕರೆ ತೆಗೆದು ರೇಡಿಯೋ ಪಕ್ಕ ಇಟ್ಟು, ಬರ್ನಿಯ ತಲೆ ಮೇಲೆ ಕೈಯಿಟ್ಟಳು.

"ದೇವರು ನಿಂಗೆ ಸಹನೆ ಕೊಡಲಿ ಮಗಳೇ. ಈಮಾನ್ ಕೊಡಲಿ, ನಂಬಿಕೆ ಗಟ್ಟಿ ಮಾಡಲಿ."

ಸತ್ತವರ ಮನೆಯವರಿಗೆ ಬಿಟ್ಟು ಬೇರೆ ಯಾರಿಗೂ ಆ ಮಾತು ಹೇಳುವುದಿಲ್ಲ. ಬರ್ನಿ ತಬ್ಬಿಬ್ಬಾದಳು. "ಯಾಕಜ್ಜಿ? ನಮ್ಮ ಮನೇಲಿ ಯಾರೂ..."

"ಸುಮ್ನಿರು ತಾಯಿ. ನೀನು ಬಂದ ದಿನವೇ ನಿನ್ನ ಮೂಗು ನೋಡಿ ಇವಳು ಯೂನಿಸನ ತಂಗಿ ಮಗಳು ಅಂದಿದ್ದೆ. ನಿಮ್ಮವ್ವ ನನ್ನ ಜೊತೇಲಿ ಕುರಿ ಕಾಯ್ದೋಳು. ಊರೆಲ್ಲ ಗೊತ್ತು. ನಮ್ಮೆಲ್ಲರ ಮನೆ ಸುದ್ದಿ ನಿನ್ನ ಬಾಯಲ್ಲಿ ಬರುತ್ತೆ, ನಿನ್ನ ಮನೆ ಸುದ್ದಿ ನಾವು ಬಾಯಿಬಿಡ್ತೀವಾ?"

ಅವಳ ಹಿಂದೆಯೇ ಬಾವಿಕಟ್ಟೆಯ ಹೆಂಗಸರು ಬಂದರು. ಒಬ್ಬಳು ಹಾಲಿನ ಗಿಂಡಿ ತಂದಳು, ಇನ್ನೊಬ್ಬಳು ತುಪ್ಪದಲ್ಲಿ ಹುರಿದ ಕಾಫಿ ಬೀಜ ತಂದಳು. ಜ್ವರದ ಗಂಡನ ಹೆಂಡತಿಯೂ ಬಂದು ಮೂಗು ಒರೆಸಿಕೊಂಡಳು. ಕೂತು, ಸತ್ತವಳಿಗಾಗಿ ಫಾತಿಹಾ ಪ್ರಾರ್ಥನೆ ಓದಿದರು. ಬರ್ನಿ ಎಲ್ಲರ ಮುಂದೆಯೇ ಬಿಕ್ಕಿಬಿಕ್ಕಿ ಅತ್ತಳು.

ಆಮೇಲೆ ಬಾಗಿಲು ಕತ್ತಲಾಯಿತು. ದೊಡ್ಡಕಿವಿ. ಹೆಂಗಸರು ಗೋಡೆಗೆ ಸರಿದರು. ಅವನ ಒಂದು ಕೈಯಲ್ಲಿ ಬಂದೂಕು, ಇನ್ನೊಂದರಲ್ಲಿ ಮುಚ್ಚಳ ಹಾಕಿದ ಪಾತ್ರೆ.

"ನಮ್ಮಮ್ಮ ಕಳಿಸಿದ್ಲು," ಎಂದು ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದ. ಬರ್ನಿಯ ಮುಖ ನೋಡದೆ ಯೂನಿಸನಿಗೆ ಹೇಳಿದ: "ಯೂನಿಸಣ್ಣ, ನಿನ್ನೆಯಿಂದ ನಂಗೆ ಕಿವಿ ನೋವು. ಏನೂ ಕೇಳ್ಸಲ್ಲ. ಇವತ್ತು ಕತ್ತಲಾಗೋ ತನಕ ಹಿಂಗೇ ಇರುತ್ತೆ. ಆದ್ರೆ ಸುದ್ದಿ ಮೇಲಿನವರಿಗೆ ಹೋಗಿದೆ. ನಾಳೆ ಬೇರೆ ಹುಡುಗರು ಬರ್ತಾರೆ, ಅವರ ಕಿವಿ ಚೆನ್ನಾಗಿದೆ. ದಕ್ಷಿಣಕ್ಕೆ, ಕೆನ್ಯಾ ಗಡಿ ಕಡೆ ಹೋಗೋ ಬಾಳೆಹಣ್ಣಿನ ಲಾರಿ ಇಳಿಹೊತ್ತಿಗೆ, ಅಸರ್ ನಮಾಜಿನ ವೇಳೆಗೆ ಹೊರಡುತ್ತೆ. ತಡೆಗಂಬದಲ್ಲಿ ನಾನೇ ಇರ್ತೀನಿ. ನಿನ್ನ ಮನೇಲಿ ಬೇರೆ ಕುಲದವರು ಯಾರೂ ಇಲ್ದಿದ್ರೆ ನಿನ್ನ ಮನೆಗೆ ಏನೂ ಆಗಲ್ಲ."

ಹೇಳಿದವನೇ ಹೊರಟುಹೋದ. ಯೂನಿಸ್ ಬೆಂಚಿನ ಮೇಲೆ ಕುಸಿದ. "ಲಾರಿ ಹತ್ತು ಮಗಳೇ. ಆದ್ರೆ ತಾರಿನಲ್ಲಿ ಮಾತ್ರ ಏನೂ ಅನ್ಬೇಡ. ಬೇರೆ ಊರಿನ ತಾರುಗಳೂ ಕೇಳ್ತಿರ್ತಾವೆ. ದಾರೀಲಿ ಹಿಡಿದಾರು."

"ಈಗ ಕರೀದೇ ಇದ್ರೆ ಅವನು ನಾಳೆ ದೋಣಿ ಹತ್ತುತಾನೆ. ಆಮೇಲೆ ನಾನು ಯಾರ ಹತ್ರ ಹೋಗ್ಲಿ?"

ಬರ್ನಿ ಮೈಕು ಎತ್ತಿಕೊಂಡಳು. "ಮೊಂಬಾಸಾ, ಮೊಂಬಾಸಾ. ರೋಬ್ಲೆ ಅಲಸೋನನ್ನ ಕರೀರಿ. ಓವರ್."

ಅತ್ತ ಕಡೆ ಕೂತವಳು ತನ್ನ ಕೆಲಸದಲ್ಲಿ ಪಕ್ಕಾ. "ಕರೀತಿರೋದು ಯಾರು? ಕುಲ ಹೇಳು, ಓವರ್."

ಯೂನಿಸ್ ಎದ್ದು ಲೌಡ್‌ಸ್ಪೀಕರಿನ ವೈರಿಗೆ ಕೈ ಹಾಕಿದ.

"ಬೇಡ ಮಾವ," ಎಂದಳು ಬರ್ನಿ. "ಇರಲಿ."

ಮೂರು ವರ್ಷದ ಮೇಲೆ ಆ ಪದ ಕೇಳಿ ಅವನು ಕೈ ಹಿಂದಕ್ಕೆ ತೆಗೆದ.

"ನಾನು ಬರ್ನಿ. ಅಲಸೋನ ಮಗಳು. ಅಲಸೋ ಸಮತರನ ಮಗ, ಸಮತರ್ ಇಗಾಲನ ಮಗ, ಇಗಾಲ್ ಶಿರ್ವಾನ ಮಗ. ಓವರ್."

ಆಮೇಲೆ ಆ ಗೊಗ್ಗರು ದನಿ ಬಂತು. ಈಗ ಅದರೊಳಗೆ ಹಳೆಯ ಕೀರಲು ಸ್ವಲ್ಪ ಇತ್ತು.

"ನಿನ್ನೆ ನೀನು ಬೈದ್ಯಲ್ಲ, ಆಗಲೇ ಗೊತ್ತಾಯ್ತು ಕಣಕ್ಕ. ನಿಮ್ಮಪ್ಪನ ಮನೆ ಜಗಲೀನ ಅಂತ ನಂಗೆ ಅನ್ನೋಳು ಇನ್ಯಾರು? ದೋಣೀಲಿ ನನ್ನ ಜಾಗ ನಿನ್ನೆಯೇ ಬೇರೆಯವನಿಗೆ ಬಿಟ್ಟುಕೊಟ್ಟೆ. ನಾನೆಲ್ಲೂ ಹೋಗಲ್ಲ. ಓವರ್."

ಬರ್ನಿ ಅಳುತ್ತಲೇ ನಕ್ಕಳು. "ಬರ್ತಿದೀನಿ. ಅಲ್ಲೇ ಬಿದ್ದಿರು. ಓವರ್."

ಲಾರಿ ಸಂತೆಯ ತುದಿಯಲ್ಲಿ ಹಾರನ್ ಹೊಡೆಯುತ್ತಿತ್ತು. ಬರ್ನಿ ಗಂಟು ಕಟ್ಟಿಕೊಂಡು ಬಂದಾಗ ದಹಬೊ ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. "ಹೋಗು ತಾಯಿ, ಒಳ್ಳೇದಾಗಲಿ," ಎಂದಳು, ಆಮೇಲೆ ತಡೆಯಲಾರದೆ, "ನನ್ನ ಮಗನ್ನ ಇನ್ನು ಯಾರು ಕರೀತಾರೆ?" ಎಂದುಬಿಟ್ಟಳು.

ಬರ್ನಿ ಅವಳ ಕೈ ಹಿಡಿದು ತನ್ನ ಕುರ್ಚಿಯಲ್ಲಿ ಕೂರಿಸಿದಳು. ಮೈಕು ಕೊಟ್ಟು, ಒಣಗಿದ ಹೆಬ್ಬೆರಳನ್ನು ಗುಂಡಿಯ ಮೇಲೆ ಇಟ್ಟಳು. "ಒತ್ತಿದ್ರೆ ಮಾತು, ಬಿಟ್ರೆ ಉತ್ತರ. ಅಷ್ಟೇ ಅಜ್ಜಿ."

ತಡೆಗಂಬದಲ್ಲಿ ದೊಡ್ಡಕಿವಿ ಲಾರಿಯ ಮೇಲಿನವರ ಕಡೆ ಕಣ್ಣೆತ್ತದೆ ದಾರಿಗೆ ಅಡ್ಡ ಕಟ್ಟಿದ್ದ ಹಗ್ಗ ಇಳಿಸಿದ. ಬಾಳೆಗೊನೆಗಳ ನಡುವೆ ಕೂತ ಬರ್ನಿಗೆ ಊರಿನ ಲೌಡ್‌ಸ್ಪೀಕರ್ ಇನ್ನೂ ಕೇಳುತ್ತಿತ್ತು. ಅಜ್ಜಿ ಕುಲ ಹೇಳುತ್ತಿದ್ದಳು, ಮಗನ ಹೆಸರು, ಅವನ ಅಪ್ಪನ ಹೆಸರು, ಅಜ್ಜನ ಹೆಸರು, ಒಂದೊಂದಾಗಿ, ಗಟ್ಟಿಯಾಗಿ. ಹೇಳಿ ಮುಗಿಸಿದಳು. ಗುಂಡಿ ಬಿಡುವುದನ್ನು ಮರೆತಿದ್ದಳು, ಅವಳ ಉಸಿರಾಟ ಸಂತೆಗೆಲ್ಲ ಕೇಳುತ್ತಿತ್ತು.

"ಬಿಡಜ್ಜಿ, ಗುಂಡಿ ಬಿಡು!" ಎಂದು ಬರ್ನಿ ಲಾರಿಯ ಮೇಲಿಂದ ಎದ್ದು ನಿಂತು ಕೂಗಿದಳು.